ಸುವಾರ್ತೆ ಕೇಳದೆ ಸತ್ತವರಿಗೆ ರಕ್ಷಣೆ ಉಂಟೇ? ಕ್ರೈಸ್ತರ ಉತ್ತರ ಒಂದೇ ಅಲ್ಲ

ಯೇಸುವಿನ ಹೆಸರನ್ನೇ ಕೇಳದೆ ತೀರಿಹೋದ ನಮ್ಮ ಹಿರಿಯರ ಗತಿ ಏನು? ದಾನ, ಪ್ರಾರ್ಥನೆಯಿಂದ ಅವರನ್ನು ನರಕದಿಂದ ಬಿಡಿಸಬಹುದೇ? 1549ರಲ್ಲಿ ಜಪಾನ್‌ಗೆ ಹೋದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರಿಗೆ ಅಲ್ಲಿನ ಹೊಸ ಕ್ರೈಸ್ತರು ಹಾಕಿದ ಪ್ರಶ್ನೆಯಿದು. ಸಾಧ್ಯವಿಲ್ಲ ಎಂದಾಗ ಅವರು ಅತ್ತರು ಎಂದು 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಕ್ಸೇವಿಯರ್ ಹೇಳಿದ್ದಾರೆ.

ಚರ್ಚಿನ ಹೊರಗೆ ರಕ್ಷಣೆ ಇಲ್ಲ ಎಂದು 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಸಾರಿತ್ತು. ಆದರೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆಯಿತು. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ, ದೈವಕೃಪೆಯಿಂದ ಮನಸ್ಸಾಕ್ಷಿಯಂತೆ ಬಾಳಿದರೆ ಅವರಿಗೂ ರಕ್ಷಣೆ ಸಾಧ್ಯ ಎಂದಿತು. ಆದರೆ ಆ ರಕ್ಷಣೆಯೂ ಕ್ರಿಸ್ತನ ಮೂಲಕವೇ ಎಂಬುದು ಕ್ಯಾಥೋಲಿಕ್ ನಂಬಿಕೆ.

ಪ್ರೊಟೆಸ್ಟೆಂಟರಲ್ಲಿ ಒಮ್ಮತವಿಲ್ಲ. ಕ್ರಿಸ್ತನನ್ನು ಅರಿತು ನಂಬಲೇಬೇಕು ಎನ್ನುವವರಿಗೆ ಸುವಾರ್ತೆ ಸಾರುವುದು ತುರ್ತಿನ ಕೆಲಸ. ಸತ್ತ ಮೇಲೂ ಒಂದು ಅವಕಾಶವಿದೆ ಎನ್ನುವವರು ಬೈಬಲ್‌ನ ಪೇತ್ರನ ಮೊದಲ ಪತ್ರವನ್ನು ತೋರಿಸುತ್ತಾರೆ. ದೇವರು ನ್ಯಾಯವಂತ, ತೀರ್ಪು ಅವನಿಗೇ ಬಿಟ್ಟದ್ದು ಎನ್ನುವವರೂ ಇದ್ದಾರೆ.

ಕ್ಸೇವಿಯರ್ ಅವರ ಶರೀರ ಇಂದಿಗೂ ಹಳೆ ಗೋವಾದಲ್ಲಿದೆ. ಅಂದು ಜಪಾನಿನ ಆ ಕ್ರೈಸ್ತರಿಗೆ ಅವರು ಕೊಡಲಾಗದ ಭರವಸೆಯನ್ನು ಇಂದು ಅವರದೇ ಚರ್ಚ್ ಕೊಡುತ್ತಿದೆ.