ಗುದ್ದಿದರೂ ಜೀವ ತೆಗೆಯದ ರಸ್ತೆ ಫಲಕ

ವರ್ಷವಿಡೀ ದುಡಿದು ಬೆಳೆದ ಅಡಿಕೆಯಾಗಲಿ, ಕಾಫಿಯಾಗಲಿ ಮಾರುಕಟ್ಟೆ ಸೇರುವುದು ರಸ್ತೆಯ ಮೂಲಕವೇ. ಯಲ್ಲಾಪುರದಿಂದ ಕಲಘಟಗಿಯ ಮೇಲೆ ಹುಬ್ಬಳ್ಳಿಗೆ ಬರುವ ದಾರಿಯೂ, ಮುಂದೆ ನವಲಗುಂದದ ಮೇಲೆ ವಿಜಯಪುರಕ್ಕೆ ಹೋಗುವ ದಾರಿಯೂ 52ನೇ ರಾಷ್ಟ್ರೀಯ ಹೆದ್ದಾರಿಗೆ ಸೇರಿವೆ. ಇಂಥ ರಸ್ತೆಗಳಲ್ಲಿ ದುರಸ್ತಿ ನಡೆಯುವಾಗ ‘ನಿಧಾನವಾಗಿ ಚಲಿಸಿ’ ಎಂಬ ಫಲಕ ನಿಲ್ಲಿಸುತ್ತಾರೆ. ಎಚ್ಚರಿಸಲು ಇಟ್ಟ ಆ ಫಲಕಕ್ಕೇ ವಾಹನ ಗುದ್ದಿದರೆ ಗತಿಯೇನು?

ಅಮೆರಿಕದಲ್ಲಿ ಇದನ್ನು ವಾಹನ ಗುದ್ದಿಸಿಯೇ ಪರೀಕ್ಷಿಸುತ್ತಾರೆ. ಅಲ್ಲಿ 2009ರಲ್ಲಿ ಹೊರಬಂದು 2016ರಲ್ಲಿ ಪರಿಷ್ಕೃತವಾದ ‘ಮ್ಯಾಶ್’ ಎಂಬ ಕೈಪಿಡಿಯ ಪ್ರಕಾರ, 1100 ಕಿಲೋ ತೂಕದ ಸಣ್ಣ ಕಾರನ್ನೂ 2270 ಕಿಲೋ ತೂಕದ ಪಿಕಪ್ಪನ್ನೂ ಗಂಟೆಗೆ 100 ಕಿ.ಮೀ. ವೇಗದಲ್ಲಿ ಫಲಕದ ಸ್ಟ್ಯಾಂಡಿಗೆ ಹಾಯಿಸುತ್ತಾರೆ. ಫಲಕ ಉಳಿಯಿತೇ ಎಂಬುದು ಅಲ್ಲಿ ಮುಖ್ಯವಲ್ಲ. ಒಳಗೆ ಕುಳಿತವರು ಉಳಿಯುವರೇ ಎಂಬುದು ಮುಖ್ಯ. ಬುಡಕ್ಕೆ ಪೆಟ್ಟು ಬಿದ್ದಾಗ ಕಂಬ ವಾಲಿ, ಮೇಲಿನ ಹಲಗೆ ಮುಂಗಾಜಿಗೆ ಬಡಿಯುವುದೇ ದೊಡ್ಡ ಅಪಾಯ. ಗಾಜು ತೂರಿ ಒಳನುಗ್ಗಿದರೆ ಆ ಸ್ಟ್ಯಾಂಡು ತೇರ್ಗಡೆಯಾಗದು. ಆದ್ದರಿಂದ ಹಗುರವಾದ, ಗುದ್ದಿದೊಡನೆ ಮುರಿಯುವ ಇಲ್ಲವೆ ಬಾಗುವ ಕಂಬ ಮಾಡುತ್ತಾರೆ.

ಹಗುರವಾದದ್ದು ಗಾಳಿಗೆ ಬೀಳುವುದಿಲ್ಲವೇ? ಬೀಳುತ್ತದೆ. ಅದಕ್ಕೆ ಉಸುಕಿನ ಚೀಲವೇ ಮದ್ದು. ಚೀಲವನ್ನು ಸ್ಟ್ಯಾಂಡಿನ ಕಾಲುಗಳ ಮೇಲೆ, ನೆಲಮಟ್ಟದಲ್ಲಿ ಇಡಬೇಕು. ಕಲ್ಲು, ಕಾಂಕ್ರೀಟ್ ತುಂಡು ಹೇರಬಾರದು. ಚೀಲ ಹರಿದರೆ ಉಸುಕು ಚೆಲ್ಲುತ್ತದೆ. ಕಲ್ಲಾದರೋ ಸಿಡಿದು ಕೆಲಸಗಾರರಿಗೆ ಬಡಿಯುತ್ತದೆ, ಗಾಲಿಗೂ ಸಿಗುತ್ತದೆ.

ನಮ್ಮ ದೇಶದಲ್ಲೂ ಕಾಮಗಾರಿ ಸ್ಥಳದ ಸುರಕ್ಷತೆಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ-55 ಎಂಬ ಮಾರ್ಗದರ್ಶಿ ಇದೆ. ಆದರೂ ಸುಣ್ಣ ಬಳಿದ ಬಂಡೆಗಳನ್ನೇ ಸಾಲಾಗಿಟ್ಟ ಜಾಗಗಳು ಇನ್ನೂ ಕಾಣುತ್ತವೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುತ್ತದೆ ಎಂಬುದನ್ನು ನೆನೆದರೆ, ರಾತ್ರಿ ಬೈಕಿನಲ್ಲಿ ಬರುವವನಿಗೆ ಆ ಬಂಡೆ ಏನಾದೀತೆಂದು ಬೇರೆ ಹೇಳಬೇಕಿಲ್ಲ.

ತೋಟಗಾರ ಬಾಂಧವರು ಇಲ್ಲಿ ತಮ್ಮ ಪಾಲನ್ನೂ ಗಮನಿಸಬೇಕು. ಮಾಲು ತುಂಬಿದ ಲಾರಿ, ಟ್ರ್ಯಾಕ್ಟರ್ ಕೆಟ್ಟು ನಿಂತಾಗ ಸುತ್ತಲೂ ಕಲ್ಲಿಟ್ಟು, ದುರಸ್ತಿಯಾದ ಮೇಲೆ ಹಾಗೆಯೇ ಬಿಟ್ಟು ಹೋಗುವ ರೂಢಿ ನಿಲ್ಲಬೇಕು. ಗಾಲಿಗೆ ತಡೆಗಲ್ಲು ಕೊಟ್ಟಿದ್ದರೆ ಹೊರಡುವ ಮುನ್ನ ತೆಗೆಯಿರಿ. ಹಿಂದಿನವರಿಗೆ ಸೂಚನೆ ಕೊಡಲು ಹೊಳೆಯುವ ಕೆಂಪು ತ್ರಿಕೋನವನ್ನು ವಾಹನದಲ್ಲಿ ಇಟ್ಟುಕೊಳ್ಳಿ. 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಆದಕಾರಣ ತ್ರಿಕೋನವನ್ನು ಲಾರಿಯ ಬುಡದಲ್ಲಲ್ಲ, ಸಾಕಷ್ಟು ಹಿಂದೆ ಇಡಬೇಕು. ಊರ ಮುಂದಿನ ಕಾಮಗಾರಿಯಲ್ಲಿ ಬಂಡೆ ಕಂಡರೆ ಗುತ್ತಿಗೆದಾರರಿಗೂ ಪಂಚಾಯತಿಗೂ ತಿಳಿಸಿ, ಉಸುಕಿನ ಚೀಲ ಇಡಿಸಿರಿ.