ಕರುಳಿನ ಕಳವಳ

ರಕ್ತಪರೀಕ್ಷೆ, ಮಲಪರೀಕ್ಷೆಗಳೆಲ್ಲ ಮುಗಿದು, ಕರುಳಿನೊಳಗೆ ನಳಿಕೆಯನ್ನಿಳಿಸಿ ನೋಡಿಯೂ ಹುಣ್ಣಾಗಲಿ ಗಂಟಾಗಲಿ ಕಾಣದೆ, ‘ನಿಮಗೇನೂ ಆಗಿಲ್ಲ’ ಎಂದು ವೈದ್ಯರು ಸಮಾಧಾನ ಹೇಳಿ ಕಳುಹಿಸಿದ ಮೇಲೆಯೂ, ಹೊಟ್ಟೆನುಲಿತವನ್ನು ಹೊತ್ತುಕೊಂಡೇ ಮನೆಗೆ ಮರಳುವವರು ವಿರಳರಲ್ಲ. ಇರಿಟಬಲ್ ಬವೆಲ್ ಸಿಂಡ್ರೋಮ್, ಸಂಕ್ಷೇಪವಾಗಿ ಐಬಿಎಸ್, ಎಂಬ ಹೆಸರಿನ ಈ ವ್ಯಾಧಿಗೆ 2016ರ ‘ರೋಮ್’ ಎಂಬ ವೈದ್ಯಕೀಯ ಲಕ್ಷಣಸೂತ್ರವು ಹಾಕಿರುವ ಗುರುತು ಇದು: ವಾರದಲ್ಲಿ ಒಂದು ದಿನವಾದರೂ ಬರುವ ಹೊಟ್ಟೆನೋವು, ಅದರೊಡನೆ ಮಲವಿಸರ್ಜನೆಯ ಸಂಬಂಧ, ಭೇದಿ ಮಲಬದ್ಧತೆಗಳ ಏರುಪೇರು. ಮಲದಲ್ಲಿ ರಕ್ತ ಕಂಡರೆ, ಅಕಾರಣವಾಗಿ ತೂಕ ಇಳಿದರೆ, ಅದು ಬೇರೆಯ ಶೋಧನೆಗೆ ವಿಷಯ.

ಗಾಯವಿಲ್ಲದ ಮೇಲೆ ನೋವು ಭ್ರಮೆಯೆಂದು ತೀರ್ಮಾನಿಸುವುದು ಸುಲಭ. ಸತ್ಯವು ಅಷ್ಟು ಸುಲಭವಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ವೈದ್ಯ ಥಾಮಸ್ ಆಲ್ಮಿಯವರು, ಪ್ರಯೋಗಕ್ಕೆ ಒಪ್ಪಿ ಬಂದ ವೈದ್ಯವಿದ್ಯಾರ್ಥಿಯೊಬ್ಬನ ಕರುಳನ್ನು ನಳಿಕೆಯಿಂದ ನೋಡುತ್ತಿದ್ದಾಗ, ಅಲ್ಲಿ ಕ್ಯಾನ್ಸರ್ ಇರುವಂತೆ ಅವನಿಗೆ ನಂಬಿಕೆ ಹುಟ್ಟಿಸಿದರು. ಒಡನೆಯೇ ಕರುಳು ಕೆಂಪೇರಿ ಬಿಗಿದು ಸಂಕುಚಿತವಾಯಿತು. ಅದು ಸುಳ್ಳೆಂದು ತಿಳಿಸಿದ ಮೇಲೆ ಸಡಿಲವಾಯಿತು. ಇಂದಿನ ವೈದ್ಯನೀತಿ ಇಂಥ ವಂಚನೆಯನ್ನು ಸಹಿಸಲಾರದಾದರೂ, ಭೀತಿಯು ಕರುಳಿನಲ್ಲಿ ಮಾಡುವ ಕೆಲಸ ಕಣ್ಣಿಗೆ ಕಂಡದ್ದಂತೂ ದಿಟ. ಮುಂದೆ 1973ರಲ್ಲಿ ರಿಚಿ ಎಂಬವರು ದೊಡ್ಡ ಕರುಳಿನ ಕೆಳಭಾಗದೊಳಗೆ ಪುಟ್ಟ ಬಲೂನನ್ನಿಟ್ಟು 60 ಮಿಲಿಲೀಟರಿನಷ್ಟು ಉಬ್ಬಿಸಿದಾಗ, ನೋವೆಂದವರು ಆರೋಗ್ಯವಂತರಲ್ಲಿ ನೂರಕ್ಕೆ 6 ಮಂದಿ, ಈ ರೋಗಿಗಳಲ್ಲಿ 55 ಮಂದಿ. ಮಿಕ್ಕವರ ಅರಿವಿಗೇ ಬಾರದೆ ಹೋಗುವ ವಾಯುವಿನ ಚಲನೆಯೂ ಇವರಿಗೆ ಶೂಲೆಯಾಗುವುದುಂಟು.

ಮದುವೆಯ ಪಂಕ್ತಿಯಲ್ಲಿ ಕೂಡುವ ಮುನ್ನ ಶೌಚಾಲಯದ ದಾರಿಯನ್ನು ಕಣ್ಣಿನಲ್ಲೇ ಅಳೆಯುವ, ಬಸ್ಸು ಮುಂದೆ ಎಲ್ಲಿ ನಿಲ್ಲುವುದೆಂದು ಕಂಡಕ್ಟರನ್ನು ಎರಡೆರಡು ಸಲ ಕೇಳುವ, ಪ್ರಯಾಣದ ದಿನ ಕಾಫಿಯನ್ನೂ ಮುಟ್ಟದ ಮನುಷ್ಯನ ಬಾಳನ್ನು ಕಂಡವರಿಗೆ, ನೋವು ಇಲ್ಲದ ದಿನಗಳನ್ನೂ ನೋವಿನ ಭಯ ನುಂಗುತ್ತಿರುವುದು ಗೋಚರವಾಗದೆ ಇರದು. ಈ ರೋಗಿಗಳ ಜೀವನದ ಗುಣಮಟ್ಟವನ್ನು ಅಳೆಯಲು 1998ರಲ್ಲಿ ಪ್ರಕಟವಾದ 34 ಪ್ರಶ್ನೆಗಳ ಪಟ್ಟಿಯಲ್ಲಿ ಶೌಚಾಲಯದ ಸಾಮೀಪ್ಯ, ದುರ್ಗಂಧದ ಸಂಕೋಚ, ದೂರಪ್ರಯಾಣದ ಕಷ್ಟ ಇವುಗಳಿಗೂ ಸ್ಥಾನ ದೊರೆತಿರುವುದು ಇದಕ್ಕಾಗಿಯೇ. ಹೊಟ್ಟೆಯನ್ನೇ ಕುರಿತ ಆತಂಕವು ಬೆಳೆದಷ್ಟೂ ಬಾಳಿನ ಸೊಗಸು ಕುಗ್ಗುವುದೆಂದು ಅಧ್ಯಯನಗಳು ತೋರಿಸಿವೆ.

ಹಾಗಾದರೆ ಮನಸ್ಸು ಕೆಟ್ಟು ಹೊಟ್ಟೆ ಕೆಟ್ಟಿತೋ, ಹೊಟ್ಟೆ ಕೆಟ್ಟು ಮನಸ್ಸು ಕೆಟ್ಟಿತೋ? ಆಸ್ಟ್ರೇಲಿಯದಲ್ಲಿ 12 ವರ್ಷಗಳ ಕಾಲ ಜನರನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡೂ ಉಂಟೆಂದಿತು: ಆತಂಕವಿದ್ದ ಕೆಲವರಿಗೆ ಮುಂದೆ ಹೊಟ್ಟೆಯ ಬಾಧೆ, ಹೊಟ್ಟೆಯ ಬಾಧೆಯಿದ್ದ ಕೆಲವರಿಗೆ ಮುಂದೆ ಆತಂಕ. ಮಿದುಳಿನಿಂದ ಕರುಳಿಗೂ ಕರುಳಿನಿಂದ ಮಿದುಳಿಗೂ ವಾರ್ತೆಯನ್ನೊಯ್ಯುವ ವೇಗಸ್ ನರದಲ್ಲಿ ಮೇಲಕ್ಕೆ ಹೋಗುವ ತಂತುಗಳೇ ಅಧಿಕವಾಗಿರುವಾಗ ಇದರಲ್ಲಿ ಆಶ್ಚರ್ಯವಿಲ್ಲ.

ಚಿಕಿತ್ಸೆಯೂ ಆದುದರಿಂದ ಎರಡು ಕಡೆಯಿಂದ ಸಾಗಬೇಕು. ಪಥ್ಯ, ಔಷಧಗಳ ಜೊತೆಗೆ, ಭಯದ ಯೋಚನೆಗಳನ್ನು ತಿದ್ದುವ ಸಿಬಿಟಿ ಎಂಬ ಮನಶ್ಚಿಕಿತ್ಸೆಯೂ, 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಅವರು 30 ರೋಗಿಗಳಲ್ಲಿ ಪರೀಕ್ಷಿಸಿ ಫಲ ಕಂಡ ಸಮ್ಮೋಹನಚಿಕಿತ್ಸೆಯೂ ಇಂದು ಮಾನ್ಯತೆ ಪಡೆದಿವೆ. ಮನೋವೈದ್ಯರ ಬಳಿಗೆ ಹೋಗೆಂದರೆ ‘ನನಗೇನು ಹುಚ್ಚೆ?’ ಎಂದು ಮುನಿಯುವ ರೋಗಿಯೂ, ‘ಎಲ್ಲ ನಿನ್ನ ಮನಸ್ಸಿನದು’ ಎಂದು ಕೈ ತೊಳೆದುಕೊಳ್ಳುವ ಬಂಧುವೂ ಮಾಡುವ ತಪ್ಪು ಒಂದೇ. ನರದ ಎರಡು ತುದಿಗಳಲ್ಲಿ ಒಂದನ್ನು ಮಾತ್ರ ನಿಜವೆಂದು ಇಬ್ಬರೂ ಹಿಡಿದಿದ್ದಾರೆ.