ಇನ್ವರ್ಟರಿಗೆ ಹೊಸ ಬ್ಯಾಟರಿ: ವೋಲ್ಟೇಜ್ ಎಷ್ಟಿರಬೇಕು?

ಮನೆಯ ಇನ್ವರ್ಟರಿಗೆ ಸೀಸದ ಬ್ಯಾಟರಿಯ ಬದಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸುವವರು ಈಗ ಹಲವರಿದ್ದಾರೆ. ಇದಕ್ಕೆ ನೀರು ತುಂಬುವ ಗೋಜಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಹಳೆಯ ಚಾರ್ಜರಿಗೆ ಹಾಗೆಯೇ ಜೋಡಿಸಿಬಿಡುವುದು ಅಪಾಯ.

ಇದರ ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.2, ಚಾರ್ಜಿನ ಮೇಲ್ಮಿತಿ 3.65. ಅಂದರೆ ನಾಲ್ಕು ಸೆಲ್ಲುಗಳ ಬ್ಯಾಟರಿಗೆ ಮೇಲ್ಮಿತಿ 14.6 ವೋಲ್ಟ್. ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. 14ರಿಂದ 14.2ಕ್ಕೆ ನಿಲ್ಲಿಸಿದರೂ ಬ್ಯಾಟರಿ ಬಹುಮಟ್ಟಿಗೆ ತುಂಬಿರುತ್ತದೆ. ಕೊನೆಯಲ್ಲಿ ವೋಲ್ಟೇಜ್ ಸರ್ರನೆ ಏರುತ್ತದೆಯೇ ಹೊರತು ಒಳಗೆ ಸೇರುವ ವಿದ್ಯುತ್ ಅತ್ಯಲ್ಪ.

ಸೀಸದ ಬ್ಯಾಟರಿಗೆಂದೇ ಇರುವ 'ಈಕ್ವಲೈಸ್' ಕ್ರಮದಲ್ಲಿ ವೋಲ್ಟೇಜ್ 15 ದಾಟಬಹುದು. ಅದನ್ನು ಬಂದ್ ಮಾಡಿಸಿ. ತುಂಬಿದ ಮೇಲೆ ಕೊಡುವ 'ಫ್ಲೋಟ್' 13.5ರ ಆಸುಪಾಸು ಸಾಕು. ಬ್ಯಾಟರಿಯೊಳಗಿನ ಬಿ.ಎಂ.ಎಸ್. ಸರ್ಕ್ಯೂಟು ಮಿತಿ ಮೀರಿದಾಗ ಚಾರ್ಜನ್ನು ಕಡಿದುಹಾಕುತ್ತದೆ, ನಿಜ. ಆದರೆ ಅದು ಕೊನೆಯ ಕಾವಲು. ದಿನವೂ ಅದನ್ನೇ ನೆಚ್ಚಬಾರದು.

ಬ್ಯಾಟರಿಗಳಲ್ಲೂ ವ್ಯತ್ಯಾಸವಿರುವುದರಿಂದ ತಯಾರಕರು ಹೇಳಿದ ಅಂಕಿಯೇ ಅಂತಿಮ. ಇಂಗ್ಲಿಷ್ ಕೈಪಿಡಿಯನ್ನು ನೀವು ಓದಿ, ಇನ್ವರ್ಟರಿನ ಸೆಟ್ಟಿಂಗಿನೊಡನೆ ಹೋಲಿಸಿ, ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿಕೊಡಿ. ಎರಡೂ ಹೊಂದದಿದ್ದರೆ ಚಾರ್ಜರನ್ನೂ ಬದಲಿಸುವುದೇ ಕ್ಷೇಮ.